ಎರಡು ಜೇಬಿನ ಮೇಷ್ಟ್ರು

ಮಧುಗಿರಿಯಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಚಿಕ್ಕನರಸಯ್ಯ ಮೇಷ್ಟ್ರು ದಾರಿ ಕವಲೊಡೆದಲ್ಲೆಲ್ಲ ನಿಂತುಬಿಡುತ್ತಿದ್ದರು. ಎರಡು ದಾರಿಯೂ ಶಾಲೆಗೇ ಹೋಗುತ್ತವೆಂದು ಇಪ್ಪತ್ತು ವರ್ಷದಿಂದ ಬಲ್ಲವರಾದರೂ, ಒಂದು ಹೆಜ್ಜೆ ಇತ್ತ, ಅರ್ಧ ಹೆಜ್ಜೆ ಅತ್ತ ಇಟ್ಟು, ಮಾಸಿದ ಕರಿಕೋಟಿನ ಗುಂಡಿಯನ್ನು ತಿರುವುತ್ತ, ‘ಅದೂ ಸರಿ, ಇದೂ ಸರಿ’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಎಂಬತ್ತಮೂರನೇ ಇಸವಿಯಲ್ಲಿ ಅವರ ಹೆಂಡತಿ ರಾಮಾಂಜಿನಮ್ಮನವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಬಲ ಬರಲಿಲ್ಲ. ಇನ್ನು ರುಬ್ಬುವುದು, ಮುದ್ದೆ ತಿರುವುವುದು ಕೂಡದೆಂದರು ಡಾಕ್ಟರು. ಮೇಷ್ಟ್ರು ಸಿರಾದ ಅಂಗಡಿಯಿಂದ ಎರಡು ಕರಪತ್ರ ತಂದರು. ಕೋಟಿನ ಬಲಜೇಬಿನಲ್ಲಿ ಬರೀ ರುಬ್ಬುವ ಮಿಕ್ಸಿಯದು. ಎಡಜೇಬಿನಲ್ಲಿ ರುಬ್ಬಿ, ತರಕಾರಿ ಹೆಚ್ಚಿ, ಹಿಟ್ಟನ್ನೂ ನಾದುವ ದೊಡ್ಡ ಯಂತ್ರದ್ದು. ಒಂದೇ ಕೆಲಸದ್ದು ಬಹುಕಾಲ ಬಾಳೀತು. ಹಲವು ಕೆಲಸದ್ದು ಆ ಕೈಗೆ ಪೂರ್ಣ ವಿಶ್ರಾಂತಿ ಕೊಟ್ಟೀತು. ಲೈನ್‌ಮನ್ ಬೋರಣ್ಣನಿಂದ ಹೆಡ್‌ಮಾಸ್ಟರರವರೆಗೆ ಎಲ್ಲರನ್ನೂ ಕೇಳಿದರು. ಕೇಳಿದಷ್ಟೂ ಗೊಂದಲ ಬೆಳೆದು ನಮಗೂ ಅಂಟಿಕೊಂಡಿತು.

ಕೊನೆಗೊಂದು ಶನಿವಾರ, ದೊಡ್ಡ ಯಂತ್ರ ಮುದ್ದೆ ತಿರುವೀತೇ ಎಂದು ಪರೀಕ್ಷಿಸಲು, ಎಸರಿಗೆ ರಾಗಿಹಿಟ್ಟು ಹಾಕಿ ಬೇಯಿಸಿ, ತಿರುವದೆ ಹಾಗೇ ತಪ್ಪಲೆ ಸಮೇತ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಸಿರಾ ಮುಟ್ಟುವಷ್ಟರಲ್ಲಿ ಅದು ಕಲ್ಲಾಗಿತ್ತು. ಯಂತ್ರ ಒಮ್ಮೆ ನರಳಿ, ಸುಟ್ಟ ವಾಸನೆ ಬಿಟ್ಟು ನಿಂತಿತು. ಗೋಧಿಹಿಟ್ಟಿನ ಮಿಷಿನ್ನಿಗೆ ಮುದ್ದೆ ಹಾಕುವವರನ್ನು ಇದುವರೆಗೆ ಕಂಡಿಲ್ಲವೆಂದು ಅಂಗಡಿಯ ಸಾಬರು ತಲೆಯ ಮೇಲೆ ಕೈಯಿಟ್ಟುಕೊಂಡರು. ವಾಪಸು ಬರುವಾಗ ಮೇಷ್ಟ್ರು ಕೇಳಿದ್ದು ಒಂದೇ: ‘ಸೋತಿದ್ದು ಮಿಷಿನ್ನಾ, ಆರೋದ ಮುದ್ದೆನಾ? ಬಿಸಿ ಇದ್ದಿದ್ರೆ ಹೆಂಗೋ ಏನೋ.’

ನನಗೆ ರೇಗಿತು. ಕೈಲಾಗದ ಹೆಂಗಸನ್ನು ಎಂಟು ತಿಂಗಳಿಂದ ಕಾಯಿಸುತ್ತಿದ್ದಾರಲ್ಲ ಎಂದು ಮರುದಿನ ಬೆಳಗ್ಗೆಯೇ ಬೈಯಲು ಅವರ ಮನೆಗೆ ಹೋದೆ. ಕೋಟು ಗೂಟದಲ್ಲಿತ್ತು. ಮೇಷ್ಟ್ರು ಒರಳಿನ ಮುಂದೆ ಕೂತು ಗುಂಡು ತಿರುಗಿಸುತ್ತಿದ್ದರು. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟವರೂ ಅವರೇ. ರಾಮಾಂಜಿನಮ್ಮನವರು ಗೋಡೆಗೊರಗಿ ಎಡಗೈಯಿಂದ ಕಾಯಿಚೂರು ಹಾಕುತ್ತಿದ್ದರು. ತಂದ ಬೈಗುಳವನ್ನು ನುಂಗಿಕೊಂಡೆ, ನಾಚಿಕೆಯಾಯಿತು.

‘ಊರೋರ್ನೆಲ್ಲ ಕೇಳಿದ್ರಿ, ನನ್ನೊಬ್ಬಳ್ನ ಬುಟ್ಟು,’ ಎಂದರು ಆಕೆ, ಗಂಡನಿಗೆ. ‘ಮುದ್ದೆ ನೀವೇ ತಿರುವಿ, ಚೆಂದಾಗೈತೆ. ಖಾರಕ್ಕೊಂದು ಮಿಕ್ಸಿ ತಂದ್ಬುಡಿ. ನಿಮ್ಮ ಬೆನ್ನು ನೋಡಾಕಾಗಲ್ಲ.’

ಮೇಷ್ಟ್ರು ಗುಂಡು ನಿಲ್ಲಿಸಿ ಯೋಚಿಸಿದರು. ‘ಅದೂ ಸರಿ,’ ಎಂದರು. ಉಳಿದರ್ಧ ಮಾತಿಗಾಗಿ ನಾವಿಬ್ಬರೂ ಕಾದೆವು, ಅದು ಬರಲಿಲ್ಲ.

ಇಂಥವರನ್ನು ಕಂಡರೆ ಊರು ನಗುತ್ತದೆ, ನಾನೂ ನಕ್ಕವನೇ. ಯಾವುದು ಸರಿಯೆಂದು ಥಟ್ಟನೆ ಹೇಳಬಲ್ಲ ಜಾಣರಾದ ನಾವು ಹೇಳಿ ಎದ್ದುಹೋಗುತ್ತೇವೆ. ತಿಳಿಯದೆ ಒದ್ದಾಡುವವರು ತಿಳಿಯುವ ತನಕ ಕೆಲಸವನ್ನು ತಾವೇ ಹೊರುತ್ತಾರೆ. ಆ ಎಂಟು ತಿಂಗಳಲ್ಲಿ ರಾಮಾಂಜಿನಮ್ಮನವರು ಒಂದು ದಿನವೂ ಗುಂಡು ಮುಟ್ಟಿರಲಿಲ್ಲ.