ಮೂಲೆಮನೆಯ ಹೊಲಿಗೆ ಯಂತ್ರ

ಬೆಳಿಗ್ಗೆ ಚರಂಡಿ ನೋಡಿದ, ಮಧ್ಯಾಹ್ನ ಬಾಗಿಲು ಹಾಕಿದ ಅಂಗಡಿಗಳನ್ನು ಎಣಿಸಿದ, ಸಂಜೆ ಮಕ್ಕಳು ಎಷ್ಟು ಹೊತ್ತು ಹೊರಗೆ ಆಡುತ್ತಾರೆಂದು ಗಮನಿಸಿದ. ಯಾವ ಮನೆ ಕೊಳ್ಳುವ ಮೊದಲೂ ಮನೆ ವ್ಯಾಪಾರಿ ಆ ಬೀದಿಯನ್ನು ಹೀಗೆ ಮೂರು ಸಲ ನಡೆಯುತ್ತಿದ್ದ. ಹಳೆಯ ಮನೆಗಳನ್ನು ಅಗ್ಗಕ್ಕೆ ಕೊಂಡು, ಸುಣ್ಣಬಣ್ಣ ಮಾಡಿಸಿ ಮಾರುವುದರಲ್ಲಿ ಪಳಗಿದ ಕೈ. ಅಗ್ಗ ಮಾಡಿಸುವ ಉಪಾಯವೂ ಅವನಲ್ಲಿತ್ತು.

ಆರು ತಿಂಗಳ ಹಿಂದೆ ಇದೇ ಬೀದಿಯ ಕಟಿಂಗ್ ಶಾಪಿನಲ್ಲಿ ಶೇವ್ ಮಾಡಿಸಿಕೊಳ್ಳುತ್ತಾ, "ಮೂಲೆಮನೆ ಟೈಲರ್ ಸತ್ತ ಮೇಲೂ ರಾತ್ರಿ ಮಿಷನ್ ತುಳಿಯೋ ಸದ್ದು ಬರುತ್ತಂತೆ, ಹೌದಾ?" ಎಂದು ಕೇಳಿದ್ದ. ಕೇಳಿದ್ದು ಅಷ್ಟೇ, ಪುಣ್ಯಾತ್ಮ. ಉಳಿದದ್ದನ್ನು ಬೀದಿಯೇ ನೋಡಿಕೊಂಡಿತು.

ಈಗ ಬೀದಿ ನಡೆದು ನೋಡಿದ ಮರುದಿನ ಅವನು ಮೂಲೆಮನೆಯೊಳಗೆ ನಿಂತು ಗೋಡೆ ತಟ್ಟಿ ನೋಡಿದ. ಗಟ್ಟಿ ಗೋಡೆ, ಒಳ್ಳೆಯ ಬೆಳಕು, ಅರ್ಧಕ್ಕಿಳಿದ ಬೆಲೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿದ್ದವು. ಒಂದರ ಮುಂದೆ ಟೈಲರನ ಹೆಂಡತಿ ಕೂತಿದ್ದಳು, ಇನ್ನೊಂದರ ಸ್ಟೂಲು ಖಾಲಿ.

"ಕೆಲಸ ಹೇಗಿದೆ ಅಕ್ಕ?"

"ಎಲ್ಲಿ ಬಂತು ಕೆಲಸ? ಮಕ್ಕಳ ಯೂನಿಫಾರ್ಮೂ ಬರಲ್ಲ ಈಗ. ಹೆದರ್ತಾರೆ."

"ನಿಮಗೆ ಹೆದರಿಕೆ ಇಲ್ವಾ?"

"ಅವರಿಗೆ ಹೆದರೋದಾ? ಇರುವೆ ಕಂಡ್ರೆ ದಾರಿ ಬಿಡ್ತಿದ್ರು." ಅವಳು ನಕ್ಕಳು. ನಗು ಬೇಗ ಆರಿತು. "ಬೀದಿಗೆಲ್ಲ ಕೇಳ್ಸುತ್ತೆ, ನನಗೊಬ್ಬಳಿಗೆ ಕೇಳ್ಸಲ್ಲ. ಅವರ ಮಿಷನ್‌ಗೆ ಎಣ್ಣೆ ಬಿಟ್ಟು, ದೀಪ ಆರಿಸಿ ದಿನಾ ಕಾದೆ. ನನ್ನ ಮೇಲೇನೋ ಬೇಜಾರಿರಬೇಕು. ಇನ್ನು ಇಲ್ಲಿರೋಕೆ ಆಗಲ್ಲ ಅಣ್ಣ. ಅಡ್ವಾನ್ಸ್ ತಂದಿದೀರಾ?"

ಜೇಬಿಗೆ ಹೋದ ಕೈ ಹೊರಗೆ ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

"ಆ ಮಾತು ಹುಟ್ಟಿಸಿದ್ದು ನಾನು ಅಕ್ಕ. ಬೆಲೆ ಇಳೀಲಿ ಅಂತ."

ಅವಳು ಬೈಯಲಿಲ್ಲ. ಖಾಲಿ ಸ್ಟೂಲನ್ನೇ ನೋಡುತ್ತಾ ಕೇಳಿದಳು: "ಹಾಗಾದ್ರೆ ಅವರು ಬರ್ಲೇ ಇಲ್ವಾ?"

ಅವನು ಜೇಬಿನಿಂದ ಬರಿಗೈ ತೆಗೆದ. "ಹೋಗಿ," ಎಂದಳು.

ನೇರ ಕಟಿಂಗ್ ಶಾಪಿಗೆ ಹೋಗಿ ನಾಲ್ಕು ಜನರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಕ್ಷೌರಿಕ ಕಣ್ಣು ಮಿಟುಕಿಸಿದ. "ಮನೆ ಕೊಂಡಾಯ್ತು ಅನ್ನಿ! ಕೊಂಡ ಮೇಲೆ ಎಲ್ಲರೂ ಹೀಗೇ ಹೇಳೋದು. ನಾನೇ ಕಿವಿಯಾರೆ ಕೇಳಿದೀನಿ ಸಾರ್, ಟಕಟಕ ಅಂತ."

ವ್ಯಾಪಾರಿ ಕಟ್ಟಿದ ಸುಳ್ಳಿಗೆ ಈಗ ಸಾಕ್ಷಿಯೂ ಇದ್ದ.

ಮರುದಿನ ಶಾಲೆ ಬಿಟ್ಟ ಹೊತ್ತಿಗೆ ತನ್ನ ಮಗಳ ಕೈಹಿಡಿದು, ಯೂನಿಫಾರ್ಮಿನ ಬಟ್ಟೆ ಹೊತ್ತು ನಡುಬೀದಿಯಲ್ಲೇ ಬಂದ. ಮೂಲೆಮನೆಯ ಮೆಟ್ಟಿಲ ಬಳಿ ಹುಡುಗಿ ನಿಂತುಬಿಟ್ಟಳು.

"ಅಪ್ಪಾ, ಇಲ್ಲಿ ದೆವ್ವ ಇದೆಯಂತೆ. ಸ್ಕೂಲಲ್ಲೆಲ್ಲ ಹೇಳ್ತಾರೆ."

"ಆ ಸುಳ್ಳು ಹೇಳಿದ್ದು ನಿಮ್ಮಪ್ಪನೇ ಕಣಮ್ಮ," ಎಂದ, ಎದುರಿನ ಕಟಿಂಗ್ ಶಾಪಿಗೂ ಕೇಳುವಂತೆ. ಮಗಳು ಕೈ ಬಿಡಿಸಿಕೊಂಡು ಅವನ ಮುಖ ನೋಡಿದಳು. ಆಮೇಲೆ ಒಬ್ಬಳೇ ಮೆಟ್ಟಿಲು ಹತ್ತಿದಳು.

ಟೈಲರನ ಹೆಂಡತಿ ಅವನತ್ತ ನೋಡಲಿಲ್ಲ. ಹುಡುಗಿಯ ಅಳತೆ ತೆಗೆದು, "ತೋಳು ಸ್ವಲ್ಪ ಉದ್ದ ಇಡ್ತೀನಿ ಪುಟ್ಟಿ, ಬೆಳೀತೀಯಲ್ಲ," ಎಂದಳು. ಬಟ್ಟೆ ಕತ್ತರಿಸಿ, ಒಂದು ಕ್ಷಣ ತಡೆದು, ಗಂಡನ ಯಂತ್ರದ ಮುಂದಿನ ಸ್ಟೂಲನ್ನು ಎಳೆದುಕೊಂಡು ಕೂತಳು.

ಯಂತ್ರ ಟಕಟಕ ಓಡತೊಡಗಿತು. ಎದುರಿನ ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು.