ಎಂಟನ್ನು ನುಂಗಿದ ಒಂದು

ಕ್ರೇನು ನಡೆಸುವವಳು ನನ್ನಕ್ಕ. ಕೆಳಗೆ ವಾಕಿಟಾಕಿ ಹಿಡಿದು ಎತ್ತು, ಇಳಿಸು ಎನ್ನುವವರು ಬಾವ, ಅವಳ ಗಂಡ. ಕೆಲಸದ ಹೊತ್ತಿನಲ್ಲಿ ಅಕ್ಕ ಬಾವನ ದನಿಯೊಂದನ್ನೇ ಕೇಳುತ್ತಾಳೆ. ಬೇರೆ ಯಾರು ಅರಚಿಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಲೆಕ್ಕ ನನ್ನದು. ಆ ಮುದಿ ಕ್ರೇನಿನ ಭಾರದ ಮೀಟರು ಕೆಟ್ಟು ಕೂತಿದ್ದರಿಂದ, ತೋಳನ್ನು ಎಷ್ಟು ದೂರ ಚಾಚಬಹುದೆಂದು ನನ್ನ ಗ್ರಾಫ್ ಕ್ಯಾಲ್ಕುಲೇಟರೇ ಹೇಳಬೇಕು.

ಅವತ್ತು ಲಾರಿಯನ್ನು ಅಡ್ಡ ನಿಲ್ಲಿಸಿದ್ದ ಡ್ರೈವರನ ಜೊತೆ ಜಗಳಕ್ಕೆ ಹೋಗಿದ್ದೆ. ಕಾಯುವಷ್ಟು ತಾಳ್ಮೆ ಬಾವನಿಗೆಲ್ಲಿ? ನನ್ನ ಕ್ಯಾಲ್ಕುಲೇಟರಿನಲ್ಲಿ ತಾವೇ ಲೆಕ್ಕ ಹಾಕಿ ಕೆಲಸ ಶುರುಮಾಡಿಸಿದ್ದರು. ನಾನು ಬಂದಾಗ ಬಾಯ್ಲರು ಆಗಲೇ ಗಾಳಿಯಲ್ಲಿತ್ತು, ತೋಳು ನಿಧಾನವಾಗಿ ಚಾಚಿಕೊಳ್ಳುತ್ತಿತ್ತು.

"ಹೆಸರೂ ಹಾಕಿದೀನಿ ನೋಡು," ಎಂದರು ಬಾವ. "ಅಕ್ಷರ ಬರೆಯೋಕೆ ಆಲ್ಫಾ ಗುಂಡಿ ಒತ್ತಿದೆ, ಕರ್ಸರಿನೊಳಗೆ ಎ ಬಂತು, ಬಾಯ್ಲರ್ ಅಂತ ಬರೆದೆ. ಭಾರ ಹಿಂದಿನ ಸಲದ ಎಂಟೂವರೆನೇ ಇತ್ತು, ಎಂಟರ ಎಡಕ್ಕೆ ಒಂದು ಸೇರಿಸಿದೆ. ಹದಿನೆಂಟೂವರೆ ಟನ್. ಇಪ್ಪತ್ತು ಮೀಟರ್ ಆರಾಮ ಅಂತು."

"ಕರ್ಸರು ಹೆಂಗಿತ್ತು ಬಾವ? ಗೆರೆನಾ, ಚೌಕನಾ?"

"ಚೌಕ. ಆದ್ರೇನಂತೆ? ಮೊಬೈಲಲ್ಲಿ ದಿನಾ ಬರೆಯಲ್ವಾ ನಾನು?"

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಮೊಬೈಲಿನಲ್ಲಿ ಒಂದು ಒತ್ತಿದರೆ ಎಂಟು ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತದೆ. ಇದರಲ್ಲಿ ಹಾಗಲ್ಲ. ಚೌಕ ಕೂತಿರುವ ಅಂಕಿಯನ್ನು ಹೊಸದು ನುಂಗಿಬಿಡುತ್ತದೆ. ತೂರಿಸಬೇಕಾದರೆ ಮೊದಲು ಇನ್ಸರ್ಟ್ ಒತ್ತಿ ಕರ್ಸರನ್ನು ಅಡಿಗೆರೆ ಮಾಡಿಕೊಳ್ಳಬೇಕು. ಕ್ಯಾಲ್ಕುಲೇಟರ್ ಕಿತ್ತುಕೊಂಡು ನೋಡಿದೆ. ಬಾಯ್ಲರ್, 1.5.

ಹದಿನೆಂಟೂವರೆ ಟನ್ ಹೊತ್ತು ಹನ್ನೊಂದು ಮೀಟರ್ ದಾಟಿದರೆ ಕ್ರೇನು ಅಕ್ಕನ ಸಮೇತ ಮಗುಚುತ್ತದೆ. ವಾಕಿಟಾಕಿ ಕಸಿದುಕೊಂಡು, "ಅಕ್ಕ, ನಿಲ್ಸು" ಎಂದೆ.

"ನಿನ್ನ ಲಾರಿ ಜಗಳ ಆಮೇಲೆ. ಲೈನ್ ಬಿಡು," ಎಂದಳು. ತೋಳು ಚಾಚಿಕೊಳ್ಳುತ್ತಲೇ ಇತ್ತು.

ವಾಕಿಟಾಕಿಯನ್ನು ಬಾವನ ಬಾಯಿಗೆ ಹಿಡಿದೆ. ಅವರು ಬಾಯಿ ತೆರೆದು ನಿಂತಿದ್ದರು. ಕ್ರೇನಿನ ಹಿಂದಿನ ಆಸರೆಗಾಲು ನೆಲ ಬಿಟ್ಟದ್ದು ಅವರಿಗೂ ಕಂಡಿತ್ತು. ಅವರ ರೆಟ್ಟೆಯನ್ನು ಉಗುರಿಳಿಯುವಂತೆ ಚಿವುಟಿದೆ.

"ಹೇಳಿ ಬಾವ. ನೀವಂದ್ರೆ ಮಾತ್ರ ಕೇಳ್ತಾಳೆ."

"ನಿಲ್ಸು," ಎಂದರು, ಪಿಸುಗುಟ್ಟಿದಂತೆ. ತೋಳು ತಟ್ಟನೆ ನಿಂತಿತು. ವಾಕಿಟಾಕಿಯನ್ನು ತಾವೇ ಹಿಡಿದುಕೊಂಡರು. "ಇಳಿಸು. ಮೆಲ್ಲಗೆ... ಮೆಲ್ಲಗೆ."

ಬಾಯ್ಲರು ನೆಲ ಮುಟ್ಟಿದ ಮೇಲೆ ಅಕ್ಕ ಇಳಿದು ಬಂದು ಕ್ಯಾಲ್ಕುಲೇಟರಿನ ಪರದೆ ನೋಡಿದಳು. ಬಾವನ ಕೈಯಿಂದ ವಾಕಿಟಾಕಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಇನ್ಮೇಲೆ ನೀನು ಹೇಳು. ಕಣ್ಮುಚ್ಕೊಂಡು ಕೇಳ್ತೀನಿ."

ಬಾವ ತಲೆ ತಗ್ಗಿಸಿದರು. ಅಕ್ಕ ಮತ್ತೆ ಕ್ರೇನು ಹತ್ತಿ ಕೂತಳು. ಇಳಿಸುವ ಜಾಗದ ಹತ್ತಿರಕ್ಕೆ ಕ್ರೇನನ್ನು ತಂದು ಬಾಯ್ಲರನ್ನು ಇನ್ನೊಮ್ಮೆ ಎತ್ತಲೇಬೇಕಿತ್ತು.

"ಹ್ಞೂ, ಹೇಳು," ಎಂದಳು ಅಕ್ಕ.

ವಾಕಿಟಾಕಿಯ ಗುಂಡಿ ಒತ್ತಿದೆ. 'ಎತ್ತು' ಎನ್ನುವ ಮುನ್ನ, ಪರದೆಯ ಮೇಲೆ ತಿದ್ದಿದ್ದ 18.5 ಅನ್ನು ಇನ್ನೊಮ್ಮೆ ಓದಿಕೊಂಡೆ.