ಅರ್ಧದಲ್ಲಿ ಕುಳಿತವಳು

ತೂಕ ಇಳಿಸಲು ಹೊಟ್ಟೆ ಕಿರಿದು ಮಾಡುವ ಭಾನುವಾರದ ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಇನ್ಶಿರಾಳ ಹೆಸರನ್ನು ತೆಗೆದು, ಆ ಜಾಗದಲ್ಲಿ ಆಸ್ಪತ್ರೆಯ ನಿರ್ದೇಶಕರ ಅತ್ತಿಗೆಯ ಹೆಸರು ಬರೆದಿದ್ದಾರೆ. ನೆಲ ಇನ್ನೂ ಒದ್ದೆ, ಫಿನಾಯಿಲ್ ವಾಸನೆ, ಒರೆಸುವ ಹೆಂಗಸು ಬಕೆಟ್ಟು ಎಳೆಯುತ್ತ ಆ ತುದಿಗೆ ಹೋಗುತ್ತಿದ್ದಾಳೆ, ಈ ಹಳದಿ ಗೆರೆಯಿಂದ ಆ ಹಳದಿ ಗೆರೆಗೆ ಮೂವತ್ತು ಮೀಟರು, ಇನ್ಶಿರಾಳ ಪಾದಗಳಿಗೆ ಬಾಯಿಪಾಠ — ಹನ್ನೆರಡು ವಾರ, ವಾರಕ್ಕೆ ಮೂರು ದಿನ, ಮಧ್ಯಾಹ್ನದ ಪಾಳಿಗೆ ಮಗ್ಗದ ಮುಂದೆ ನಿಲ್ಲುವ ಮೊದಲು ಇಲ್ಲಿ ಬಂದು ನಡೆದಿದ್ದಾಳೆ, ನಡೆದೂ ನಡೆದೂ ಗೆರೆಯ ಬಣ್ಣವೇ ಅಳಿಸಿದೆ, ಗೆರೆಯ ಪಕ್ಕ ಆ ಬಿಳಿ ಪ್ಲಾಸ್ಟಿಕ್ ಕುರ್ಚಿ, ಸೀಳಿದ ಒಂದು ಕೈಗೆ ತಂತಿ ಸುತ್ತಿದ್ದು. ಪಟ್ಟಿ ಮೊದಲು ನೋಡಿದವಳು ಉಮ್ ಬಹ್ಗತ್, ಹನ್ನೆರಡು ವಾರವೂ ಜೊತೆಯಲ್ಲಿ ಏದುಸಿರು ಬಿಟ್ಟವಳು, ನಿನಗಿಂತ ನಾನೇ ಎರಡು ಕಿಲೋ ಜಾಸ್ತಿ ಎಂದು ಜಂಬ ಪಡುವವಳು, ಓಡಿಯೇ ಬಂದಳು ಹೇಳಲಿಕ್ಕೆ — ಏನೇ ಇನ್ಶಿರಾ, ಹೊಟ್ಟೆ ಕತ್ತರಿಸ್ತೀವಿ ಅಂದೋರು ಹೆಸರನ್ನೇ ಕತ್ತರಿಸಿಬಿಟ್ರಲ್ಲೇ — ಎಂದವಳು ತನ್ನ ಮಾತಿಗೆ ತಾನೇ ನಗಲಿಲ್ಲ. ಅತ್ತಿಗೆಯಂತೆ. ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮಂಚಕ್ಕೆ, ಈ ಕಾರಿಡಾರಿನಲ್ಲಿ ಒಂದು ಹೆಜ್ಜೆ ಇಟ್ಟವಳಲ್ಲ, ಕತ್ತರಿ ಬೀಳುವ ಮುಂಚೆ ಎದೆ ಗಟ್ಟಿಯಾಗಬೇಕು, ಉಸಿರು ಉದ್ದವಾಗಬೇಕು, ಇಲ್ಲದಿದ್ದರೆ ಅರಿವಳಿಕೆ ಇಳಿದ ಮೇಲೆ ಕಷ್ಟ ಎಂದು ಹೇಳುವುದೆಲ್ಲ ಹಾಗಾದರೆ ಗಿರಣಿ ಕೆಲಸದವರ ಎದೆಗೆ ಮಾತ್ರ.

ನಡಿಗೆ, ಉಸಿರಿನ ವ್ಯಾಯಾಮ ಹೇಳಿಕೊಟ್ಟವಳು ಆಸ್ಪತ್ರೆಯ ರಬಾಬ್, ಕೊರಳಲ್ಲಿ ಗಡಿಯಾರ ನೇತುಹಾಕಿಕೊಂಡ ಹುಡುಗಿ, ಮೊದಲ ದಿನವೇ ಹೇಳಿದ್ದಳು, ಆರು ನಿಮಿಷ ನಡೀಬೇಕಮ್ಮ, ಸುಸ್ತಾದ್ರೆ ನಿಂತ್ಕೊಳ್ಳಿ, ಗೋಡೆಗೆ ಒರಗಿ, ಬೇಕಾದ್ರೆ ನನ್ನ ಬೈಯಿರಿ, ಆದ್ರೆ ಕೂರಬೇಡಿ, ಕೂತ್ರೆ ಅಲ್ಲಿಗೆ ಮುಗೀತು. ಹೂಂ ಎಂದಳು ಇನ್ಶಿರಾ, ನಡೆದಳು, ನಾಲ್ಕನೆಯ ನಿಮಿಷಕ್ಕೆ ಕಿಟಕಿಯಾಚೆಯಿಂದ ಮಧ್ಯಾಹ್ನದ ಅಜಾನ್ ಬಂತು, ಅಷ್ಟೇ, ಕಾಲು ತಾನಾಗಿ ಕುರ್ಚಿಯ ಕಡೆ ತಿರುಗಿತು, ಕುಳಿತಳು, ಎರಡೂ ಕೈ ಕಿವಿಯ ತನಕ ಎತ್ತಿದಳು, ನಾಲ್ಕು ವರ್ಷದ ರೂಢಿ, ಮಂಡಿ ಮಡಚಲಾಗದೆ ನಾಲ್ಕು ವರ್ಷದಿಂದ ಕುರ್ಚಿಯ ಮೇಲೆಯೇ ನಮಾಜು — ಅಯ್ಯೋ ಕೂತೇಬಿಟ್ರಾ ಎಂದು ರಬಾಬ್ ಗಡಿಯಾರ ನಿಲ್ಲಿಸಿದಳು, ಹಾಳೆಯ ಮೇಲೆ ಬರೆದಳು, ಅರ್ಧದಲ್ಲಿ ಕುಳಿತರು. ಉಮ್ ಬಹ್ಗತ್ ಬಿದ್ದು ಬಿದ್ದು ನಕ್ಕಳು, ದೇವ್ರೇ ಕರೆದ್ರೆ ಡಾಕ್ಟರಮ್ಮ ಏನ್ ಮಾಡ್ತಾಳೆ ಬಿಡೇ. ಮನೆಯಲ್ಲಿ ಇವಳ ನಾದಿನಿ ಕೇಳುತ್ತಾಳೆ, ಈ ವಯಸ್ಸಲ್ಲಿ ಸಣ್ಣ ಆಗಿ ಯಾರಿಗೆ ತೋರಿಸ್ಬೇಕು ಅತ್ತಿಗೆ? ಯಾರಿಗೆ ತೋರಿಸುವುದಿದೆ. ಮಸೀದಿಯಲ್ಲಿ ಹೆಂಗಸರ ಕೊನೆಯ ಸಾಲು, ಮುಂದಿನ ಬೆನ್ನುಗಳೆಲ್ಲ ಒಮ್ಮೆಗೇ ಬಾಗಿ ಹಣೆಗಳೆಲ್ಲ ಚಾಪೆಗೆ ತಾಗುವಾಗ ಇವಳೊಬ್ಬಳು ಕುರ್ಚಿಯಲ್ಲಿ, ಮಡಿಲಲ್ಲಿ ಬಿದ್ದ ಸೂಜಿ ಹುಡುಕುವವಳ ಹಾಗೆ ತುಸು ಬಗ್ಗಿ, ಅಷ್ಟಕ್ಕೇ ನಿಂತು. ಹಣೆ ನೆಲ ಮುಟ್ಟಬೇಕು. ಬೇರೇನೂ ಬೇಡ. ಅದಕ್ಕಾಗಿ ಇದೇ ಕುರ್ಚಿಯಲ್ಲಿ ಕೈಯೂರದೆ ಹತ್ತು ಸಲ ಕುಳಿತು ಹತ್ತು ಸಲ ಎದ್ದಳು, ಕುರ್ಚಿ ನರಳಿತು, ಇವಳೂ ನರಳಿದಳು, ಉಸಿರೆಳೆದರೆ ಮೇಲೇಳುವ ಮೂರು ನೀಲಿ ಗುಂಡುಗಳ ಡಬ್ಬಿಯನ್ನು ಮನೆಗೊಯ್ದು ಅಡುಗೆ ಮಾಡುತ್ತ ಎಳೆದಳು, ಸಕ್ಕರೆ ಹಾಕದ ಚಹಾವನ್ನು ಕಷಾಯದ ಹಾಗೆ ನುಂಗಿದಳು, ಒಂಬತ್ತನೆಯ ವಾರ ಮೂರನೆಯ ಗುಂಡೂ ಎದ್ದು ನಿಂತಿತು — ಸೊಸೇನ ಬೈಯೋಕೆ ಇಷ್ಟು ಉಸಿರು ಸಾಕೇ ಎಂದಳು ಉಮ್ ಬಹ್ಗತ್ — ಮೊದಲ ವಾರ ಆರು ನಿಮಿಷಕ್ಕೆ ಎಂಟು ಸಲ ದಾಟಿದ ಕಾರಿಡಾರನ್ನು ಕೊನೆಯ ವಾರ ಹದಿನಾಲ್ಕು ಸಲ ದಾಟಿದಳು, ಎರಡು ಸಲ ಗೋಡೆಗೆ ಒರಗಿದಳು, ಒಮ್ಮೆಯೂ ಕೂರಲಿಲ್ಲ, ಅಜಾನ್ ಬಂದರೂ ಕೂರಲಿಲ್ಲ, ಕ್ಷಮಿಸಪ್ಪಾ ಎರಡು ನಿಮಿಷ ತಡ ಎಂದು ಮೇಲೆ ನೋಡಿ ನಡೆದಳು.

ಬಾಗಿಲು ತೆರೆಯಿತು, ಆಸ್ಪತ್ರೆ ಕಚೇರಿಯ ಗುಮಾಸ್ತ ಶಹಾತ, ಎಲ್ಲರ ಬಾಯಲ್ಲೂ ಉಸ್ತಾದ್, ಕಂಕುಳಲ್ಲಿ ಫೈಲು, ಬನ್ನಿ ಹಾಜ್ಜಾ, ಬನ್ನಿ — ಮಕ್ಕಾದ ದಿಕ್ಕು ಬಿಟ್ಟರೆ ಮಕ್ಕಾ ಕಾಣದವಳು ಅವಳು, ನಲವತ್ತು ದಾಟಿದ ದಪ್ಪ ಹೆಂಗಸರೆಲ್ಲ ಇವರ ಬಾಯಲ್ಲಿ ಹಾಜ್ಜಾ — ಇಲ್ಲೊಂದು ಸಹಿ ಹಾಕಿಬಿಡಿ. ಏನಿದು? ಏನಿಲ್ಲ, ತರಬೇತಿ ಮುಗಿಸಲಿಲ್ಲ, ಅದಕ್ಕೆ ನಾನಾಗಿಯೇ ಆಪರೇಷನ್ ಮುಂದಕ್ಕೆ ಹಾಕಿಸಿಕೊಂಡೆ ಅಂತ. ಮುಗಿಸಿದ್ದೀನಲ್ಲ ಉಸ್ತಾದ್, ದಿನಕ್ಕೊಂದರಂತೆ ಮೂವತ್ತಾರು ಹಾಳೆ ಇವೆ. ಅವನು ಫೈಲು ತೆರೆದು ತೋರಿಸಿದ, ಒಂದೇ ಹಾಳೆ, ಮೊದಲ ದಿನದ್ದು, ರಬಾಬಳ ದುಂಡು ಅಕ್ಷರ, ಅರ್ಧದಲ್ಲಿ ಕುಳಿತರು. ಉಳಿದ ಮೂವತ್ತೈದು? ಸಿಗ್ತಿಲ್ಲ, ಹುಡುಕ್ತಿದೀವಿ. ಅವನ ಹಿಂದೆ ಬಾಗಿಲ ಚೌಕಟ್ಟಿಗೆ ಆತುಕೊಂಡು ರಬಾಬ್, ಕೊರಳ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಕಣ್ಣು ಕೆಂಪಾಗಿದೆ, ಪಾಪದ ಹುಡುಗಿ, ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಶಹಾತನ ದನಿ ತುಪ್ಪ ಸವರಿದ ಹಾಗೆ, ರಂಜಾನ್ ಕಳೀಲಿ, ಮೊದಲ ಹೆಸರು ನಿಮ್ದೇ, ನನ್ನ ಕಣ್ಣಾಣೆ, ಸಹಿ ಹಾಕದಿದ್ರೆ ಮಾತ್ರ ಫೈಲೇ ಮುಚ್ತಾರೆ, ನಾನೇನೂ ಮಾಡೋಕಾಗಲ್ಲ, ಯಾಕೆ ಹಟ, ಅಯ್ಯೋ ನಿಂತೇ ಇದ್ದೀರಲ್ಲ, ಪಾಪ ಮಂಡಿ ನೋಯುತ್ತೆ — ಎನ್ನುತ್ತ ಅವನು ಕಾಲಿನಿಂದಲೇ ಕುರ್ಚಿಯನ್ನು ಅವಳತ್ತ ತಳ್ಳಿದ, ಒದ್ದೆ ನೆಲದ ಮೇಲೆ ಅದು ಕಿರ್ರೆನ್ನುತ್ತ ಬಂದು ಅವಳ ಮಂಡಿಗೆ ತಾಗಿ ನಿಂತಿತು. ಕೂತ್ಕೊಳ್ಳಿ, ಕೂತು ಸಹಿ ಹಾಕಿ.

ಮಂಡಿ ನಿಜವಾಗಿಯೂ ನೋಯುತ್ತಿದೆ. ರಂಜಾನ್ ಕಳೆದ ಮೇಲೆ, ಮೊದಲ ಹೆಸರು, ಹಣೆ, ಚಾಪೆ — ಒಂದು ಸಹಿ, ಎರಡಂಗುಲ ಶಾಯಿ, ಮೂವತ್ತೈದು ದಿನ ನಡೆಯಲೇ ಇಲ್ಲ ಎಂದು ತನ್ನ ಕೈಯಿಂದಲೇ — ಗೋಡೆ ಎಲ್ಲಿ, ಇಲ್ಲಿದೆ, ತಣ್ಣಗಿದೆ, ಬೆನ್ನು ಒರಗಿಸಿದಳು, ಒರಗಬಹುದು, ಒರಗಿದರೆ ತಪ್ಪಿಲ್ಲ, ಮೂಗಿನಿಂದ ಒಳಕ್ಕೆ, ಬಾಯಿಂದ ಹೊರಕ್ಕೆ, ಮೂರೂ ಗುಂಡು ಮೇಲೆ. ಕೂರಲ್ಲ ಉಸ್ತಾದ್. ಸರಿ ಹಾಗಾದ್ರೆ, ನಿಂತೇ ಹಾಕಿ. ಹಾಕೋದೂ ಇಲ್ಲ. ಅವನು ಏನೋ ಹೇಳುತ್ತಿದ್ದಾನೆ, ಉಮ್ ಬಹ್ಗತ್ ಅವನಿಗಿಂತ ಜೋರಾಗಿ ಏನೋ ಹೇಳುತ್ತಿದ್ದಾಳೆ, ಅದೆಲ್ಲ ಆ ತುದಿಯ ಹಳದಿ ಗೆರೆಯಾಚೆ ಎಲ್ಲೋ, ಇಲ್ಲಿ ಕುರ್ಚಿ, ಬಿಳಿ ಕುರ್ಚಿ, ಕೈಗೆ ತಂತಿ, ಖಾಲಿ.